ಕತ್ತರಿಸಿಟ್ಟ ಪಟ್ಟಿಗಳು

ಶ್ರಾವಣದ ಎರಡನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಜಮಖಂಡಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ತುಬಚಿಯ ಕಸ್ತೂರಿ. ನಾಲ್ಕನೆಯವನೊಬ್ಬ ಇರಬೇಕಿತ್ತು. ಆತ ತೀರಿಕೊಂಡು ಅಂದಿಗೆ ಇಪ್ಪತ್ತೆರಡು ದಿನ. ಬದುಕಿದ್ದರೂ ಒಂಬತ್ತಕ್ಕೆ ಬರುತ್ತಿರಲಿಲ್ಲ, ಒಂಬತ್ತು ಇಪ್ಪತ್ತಕ್ಕೆ ಬರುತ್ತಿದ್ದ.

ಕಸ್ತೂರಿಗೆ ಈಗ ಇಪ್ಪತ್ತೆರಡು ವರ್ಷ. ಸೈಕಲ್ ಸ್ಪರ್ಧೆಯಲ್ಲಿ ನಮ್ಮ ಭಾಗದಿಂದ ದೇಶದ ತಂಡಕ್ಕೆ ಆಯ್ಕೆಯಾದ ಹುಡುಗಿ. ಹತ್ತೂ ಮುಕ್ಕಾಲರ ಬಸ್ಸು ಹಿಡಿದು ಶಿಬಿರ ಸೇರಿ, ಅಲ್ಲಿಂದ ತಂಡದೊಂದಿಗೆ ಹೊರದೇಶಕ್ಕೆ ಹೋಗಬೇಕಾಗಿತ್ತು. ಅವಳು ತನ್ನ ಮೊಬೈಲನ್ನು ನನ್ನ ಮುಂದಿಟ್ಟಳು. ತಂಡದ ವ್ಯವಸ್ಥಾಪಕರು ಒಂದು ಘೋಷಣಾ ಪತ್ರ ಕಳಿಸಿದ್ದರು. ಉಡುಪು, ಹೆಲ್ಮೆಟ್, ಸೈಕಲ್, ಮೈ ಇವುಗಳ ಮೇಲೆ ಮಂಜೂರಾದ ಗುರುತುಗಳನ್ನು ಬಿಟ್ಟು, ಯಾರೊಬ್ಬರ ಸ್ಮರಣೆಯ ವಸ್ತುವನ್ನಾಗಲಿ ಸ್ವಂತ ಸಂದೇಶವನ್ನಾಗಲಿ ಸ್ಪರ್ಧೆಯ ವೇಳೆ ಅಥವಾ ಪದಕ ಕೊಡುವ ವೇಳೆ ಪ್ರದರ್ಶಿಸುವುದಿಲ್ಲ ಎಂದು ಒಪ್ಪಿ ಸಹಿ ಮಾಡಬೇಕು. ಹನ್ನೊಂದರೊಳಗೆ ಸಹಿ ಬರದಿದ್ದರೆ ಅವಳ ಬದಲು ಕಾಯ್ದಿರಿಸಿದ ಆಟಗಾರ್ತಿಯ ಹೆಸರು ಹೋಗುತ್ತದೆ.

ಕಸ್ತೂರಿಯ ಎಡಗೈ ಮಣಿಕಟ್ಟಿನಲ್ಲಿ ಒಂದು ಕೆಂಪು ಪಟ್ಟಿ ಇತ್ತು. ಸೀರೆಯ ದಡಿಯಿಂದ ಕತ್ತರಿಸಿದ ಗೇಣುದ್ದದ ತುಂಡು. ಯಾರ ಮಗ್ಗದ್ದೆಂದು ಕೇಳುವ ಅಗತ್ಯವಿರಲಿಲ್ಲ.

"ಸರ, ನಾ ಮದಲ ಕೇಳೇನ್ರಿ. ಆಗಂಗಿಲ್ಲ ಅಂದಾರ. ನೀವು ಒಂದ ಕಾಗದಾ ಬರದ ಕೊಡ್ರಿ. ಇದು ನಮ್ಮ ಕಡೆ ಕಟ್ಟೂ ದೇವರ ದಾರ ಅಂತ ಬರೀರಿ. ನೀವು ಹಳೇ ನಿರ್ಣಾಯಕರು, ನಿಮ್ಮ ಮಾತ ಕೇಳ್ತಾರ."

"ಅದು ದೇವರ ದಾರ ಅಲ್ಲಲ್ಲ?"

"ಅಲ್ಲ ಅಂತ ನಿಮಗ ಗೊತ್ತು, ನನಗ ಗೊತ್ತು. ಅವರಿಗೇನ ಗೊತ್ತ್ರಿ?"

ಕಲಿಸಿದವನ ಬುದ್ಧಿ ಕಲಿತವಳಿಗೆ ಎಷ್ಟು ಚೆನ್ನಾಗಿ ಹತ್ತಿದೆ ಎನಿಸಿ ಮೈಯೆಲ್ಲ ಉರಿಯಿತು. "ಸುಳ್ಳು ಕಾಗದಕ್ಕ ನಾ ಸಹಿ ಮಾಡಂಗಿಲ್ಲ," ಎಂದೆ.

"ಹಂಗಾರ ನಾನೂ ಸಹಿ ಮಾಡಂಗಿಲ್ರಿ. ಕಾಕಾನ ಪಟ್ಟಿ ಇಲ್ಲದ ನಾ ಲೈನಿಗೆ ನಿಂದರಂಗಿಲ್ಲ."

"ಮೊದಲ ಚಾ ಕುಡಿ," ಎಂದಳು ನನ್ನ ಹೆಂಡತಿ. "ಇವರ ಕೂಡ ಖಾಲಿ ಹೊಟ್ಟೀಲೆ ಜಗಳಾ ಆಡಬಾರ್ದು."

ಕಾಕಾ ಅಂದರೆ ಆ ನಾಲ್ಕನೆಯವನೇ. ಅವಳ ಸ್ವಂತ ಚಿಕ್ಕಪ್ಪನಲ್ಲ. ಅವಳಿಗೆ ಸೈಕಲ್ ಕಲಿಸಿದವನು. ನಾಲ್ಕು ತಾಲ್ಲೂಕಿನ ಸೈಕಲ್ ಹುಡುಗ ಹುಡುಗಿಯರೆಲ್ಲ ಆತನನ್ನು ಹಾಗೆಯೇ ಕರೆಯುತ್ತಿದ್ದರು. ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅರ್ಧ ಬನಹಟ್ಟಿ ನಮ್ಮ ಮನೆಗೆ ಬಂದು ನಾನು ಹೇಳಿದ್ದರಲ್ಲಿ ತಪ್ಪು ಹುಡುಕುತ್ತದೆ.

ಬನಹಟ್ಟಿಯಲ್ಲಿ ನಾಲ್ಕು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಿದ್ದ. ತರಬೇತಿ ಕೊಡುವುದಕ್ಕೆ ಯಾವ ಪ್ರಮಾಣಪತ್ರವೂ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ದೈಹಿಕ ಶಿಕ್ಷಣ ಕಲಿಸಿದವನು. ಪರೀಕ್ಷೆ ಬರೆದು ಸೈಕಲ್ ಸ್ಪರ್ಧೆಯ ನಿರ್ಣಾಯಕನಾದವನು. ನನ್ನ ಶಾಲೆಯ ಹುಡುಗರನ್ನು ಆತನ ಹುಡುಗರು ವರ್ಷ ವರ್ಷವೂ ಹಿಂದೆ ಹಾಕುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಆತನ ತರಬೇತಿ ಮಗ್ಗದ ಮನೆಯಲ್ಲೇ ನಡೆಯುತ್ತಿತ್ತು. ಹಿಂದಿನ ಚಕ್ರ ನೆಲ ಬಿಟ್ಟು ತಿರುಗುವಂತೆ ಸ್ಟ್ಯಾಂಡಿನ ಮೇಲೆ ಸೈಕಲ್ ನಿಲ್ಲಿಸಿ, ಮಗ್ಗಗಳ ಸದ್ದಿಗೆ ಸರಿಯಾಗಿ ಹುಡುಗರಿಂದ ಪೆಡಲ್ ತುಳಿಸುತ್ತಿದ್ದ. ಲಾಳಿ ಆ ಕಡೆ ಹೊಡೆದಾಗ ಎಡಗಾಲು, ಈ ಕಡೆ ಹೊಡೆದಾಗ ಬಲಗಾಲು. ನಾನು ಒಮ್ಮೆ ನೋಡಲು ಹೋದಾಗ ಕಿವಿ ಗಡಚಿಕ್ಕಿತು. ಅಷ್ಟರಲ್ಲಿ ಕರೆಂಟು ಹೋಗಿ ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ಒಬ್ಬ ಹುಡುಗ ಕಾಲು ನಿಲ್ಲಿಸಿದ.

"ಲೇ, ಕರೆಂಟ್ ಹೋಗಿದ್ದು ಮಗ್ಗಕ್ಕ! ನಿನಗ್ಯಾಕ ಹೋತು?" ಎಂದು ಆತ ಕೂಗಿದ.

ಮತ್ತೆ ಕರೆಂಟು ಬರುವವರೆಗೆ, ಸುಮಾರು ಮುಕ್ಕಾಲು ಗಂಟೆ, ಆ ಮಕ್ಕಳು ಸದ್ದಿಲ್ಲದ ಮನೆಯಲ್ಲಿ ಅದೇ ಲಯದಲ್ಲಿ ತುಳಿಯುತ್ತಿದ್ದರು. ಇದು ಯಾವ ಪಠ್ಯದಲ್ಲಿದೆ ಎಂದು ಕೇಳಿದೆ. ಆತ ಹಲ್ಲಿನ ನಡುವೆ ಕಚ್ಚಿಕೊಂಡಿದ್ದ ನೂಲಿನ ಎಳೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ ನಕ್ಕ. ಆ ಎಳೆ ಸದಾ ಬಾಯಲ್ಲಿ ಇರುತ್ತಿತ್ತು. ಅತಿಥಿಗಳ ಮುಂದೂ ತೆಗೆಯುತ್ತಿರಲಿಲ್ಲ.

ಕೊರಳಲ್ಲಿ ಒಂದು ಸ್ಟಾಪ್‌ವಾಚು. ಅದನ್ನು ಎಂದೂ ಸೊನ್ನೆಗೆ ತಂದವನಲ್ಲ. ಯಾವಾಗಲೋ ಶುರು ಮಾಡಿದ್ದು ಓಡುತ್ತಲೇ ಇರುತ್ತಿತ್ತು. ಹುಡುಗರು ಹೊರಟಾಗ ಒಮ್ಮೆ ನೋಡುವುದು, ಬಂದಾಗ ಒಮ್ಮೆ ನೋಡುವುದು, ಮನಸ್ಸಿನಲ್ಲೇ ಕಳೆಯುವುದು. ನಾನು ನನ್ನ ಗಡಿಯಾರದೊಂದಿಗೆ ಹೋಲಿಸಿದ್ದೇನೆ. ಒಂದು ಸೆಕೆಂಡೂ ತಪ್ಪುತ್ತಿರಲಿಲ್ಲ. ಇಷ್ಟು ಬಲ್ಲವನಿಗೆ ನಾನು ಐದೂವರೆಗೆ ಬಾ ಎಂದರೆ ಐದೂವರೆಗೆ ಬರಲು ಏನು ಕಷ್ಟವಿತ್ತೋ ತಿಳಿಯದು. ಐದು ಐವತ್ತಕ್ಕೆ ಬರುತ್ತಿದ್ದ. ಮಳೆಗಾಲ, ಬೇಸಿಗೆ, ಮಗಳ ಮದುವೆ, ಯಾವುದಾದರೂ ಸರಿ, ಇಪ್ಪತ್ತು ನಿಮಿಷ ತಡ. ಹದಿನೈದೂ ಅಲ್ಲ, ಇಪ್ಪತ್ತೈದೂ ಅಲ್ಲ.

ಪಟ್ಟಿಯ ತಕರಾರು ಶುರುವಾದದ್ದು ಹೀಗೆ. ಆತನ ಹುಡುಗನೊಬ್ಬ ಸಾವಳಗಿ ರಸ್ತೆಯಲ್ಲಿ ಬೆಳಗಿನ ಅಭ್ಯಾಸ ಮಾಡುತ್ತಿದ್ದಾಗ ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕು ತೀರಿಕೊಂಡ. ನಾಲ್ಕು ದಿನಕ್ಕೆ ಜಿಲ್ಲಾ ಸ್ಪರ್ಧೆ ಇತ್ತು. ಉಳಿದ ಹನ್ನೊಂದು ಹುಡುಗರು ತೋಳಿಗೆ ಕೆಂಪು ದಡಿಯ ಪಟ್ಟಿ ಕಟ್ಟಿಕೊಂಡು ಬಂದರು. ಆ ವಾರ ಮಗ್ಗದ ಮೇಲಿದ್ದ ಸೀರೆಯ ದಡಿಯನ್ನೇ ಕತ್ತರಿಸಿ ಆತ ಕಟ್ಟಿದ್ದ. ಉಡುಪಿನ ಮೇಲೆ ಏನಾದರೂ ಇರಬೇಕಾದರೆ ಮುಂಚಿತವಾಗಿ ಲಿಖಿತ ಅನುಮತಿ ಬೇಕು ಎಂಬುದು ನಿಯಮ. ಅರ್ಜಿ ಕೊಟ್ಟಿರಲಿಲ್ಲ. ನಾನು ಕತ್ತರಿ ತೆಗೆದು ಹನ್ನೊಂದನ್ನೂ ಕತ್ತರಿಸಿದೆ.

ಜನ ಏನೇನೋ ಅಂದರು. ಕಸದ ಬುಟ್ಟಿ ಪಕ್ಕದಲ್ಲೇ ಇತ್ತು. ಅದಕ್ಕೆ ಹಾಕಲು ನನ್ನ ಕೈ ಹೋಗಲಿಲ್ಲ. ಲಕೋಟೆ ತರಿಸಿ, ಒಂದೊಂದರಲ್ಲಿ ಒಂದೊಂದು ಪಟ್ಟಿ ಇಟ್ಟು, ಕ್ರಮಸಂಖ್ಯೆ, ತಾರೀಖು, ಸವಾರನ ಹೆಸರು, ಯಾರ ಸ್ಮರಣೆ, ಸ್ಮರಿಸಲಾದವರ ಹುದ್ದೆ ಬರೆದೆ. ಕೆಳಗೆ, 'ಲಿಖಿತ ಅರ್ಜಿ ಕೊಟ್ಟಲ್ಲಿ ಹಿಂತಿರುಗಿಸಲಾಗುವುದು'. ವಶಪಡಿಸಿಕೊಂಡ ವಸ್ತು ಅವರದೇ ತಾನೆ? ಒಬ್ಬರೂ ಅರ್ಜಿ ಕೊಡಲಿಲ್ಲ.

ಆಮೇಲೆ ಅದು ಆತನ ಪದ್ಧತಿಯೇ ಆಯಿತು. ಒಬ್ಬನ ಅಜ್ಜಿ, ಒಬ್ಬಳ ತಂದೆ, ಪಂಕ್ಚರ್ ಹಾಕುತ್ತಿದ್ದ ಮುದುಕ, ಯಾರು ಸತ್ತರೂ ಪಟ್ಟಿ. ಪ್ರತಿ ಸ್ಪರ್ಧೆಗೂ ನನ್ನ ಕತ್ತರಿ.

ಈ ನಿಯಮ ಯಾಕೆ ಎಂದು ಆತನಿಗೆ ಬಿಡಿಸಿ ಹೇಳಿದ್ದೇನೆ. ಬೀಳಗಿಯಲ್ಲಿ ಒಮ್ಮೆ ಇಬ್ಬರು ಸವಾರರು ಬೇರೆ ಬೇರೆ ಪುಢಾರಿಗಳ ಚಿತ್ರವನ್ನು ಎದೆಗೆ ಚುಚ್ಚಿಕೊಂಡು ಬಂದು, ಮುಕ್ತಾಯದ ಗೆರೆಯ ಹತ್ತಿರ ಇಬ್ಬರ ಕಡೆಯವರೂ ರಸ್ತೆಗಿಳಿದು, ನಡುವೆ ಮೂರನೆಯ ಹುಡುಗನೊಬ್ಬ ಬಿದ್ದು ಕೊರಳೆಲುಬು ಮುರಿದುಕೊಂಡ. ಒಬ್ಬನಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ. ಹೊರದೇಶದ ಸ್ಪರ್ಧೆಯಲ್ಲಂತೂ ಒಂದು ದೇಶದ ಹುತಾತ್ಮ ಇನ್ನೊಂದು ದೇಶದ ವೈರಿ. ಯಾವ ಸಾವು ದೊಡ್ಡದು, ಯಾವುದನ್ನು ತೋರಿಸಬಹುದು ಎಂದು ನಿರ್ಣಾಯಕ ತೂಗುತ್ತ ಕೂರಬೇಕೇ? ಅದಕ್ಕೇ ಎಲ್ಲರಿಗೂ ಒಂದೇ ಬಾಗಿಲು ಮುಚ್ಚುವುದು.

"ಖರೆ ಐತ್ರಿ ಸರ," ಎಂದ ಆತ. "ಆದ್ರ ನಮ್ಮ ಪಂಕ್ಚರ್ ಅಜ್ಜ ಯಾವ ಪಕ್ಷಾದಾಂವ ಹೇಳ್ರಿ?"

"ಅದಲ್ಲೋ ಮಾರಾಯಾ ಪ್ರಶ್ನೆ. ಅರ್ಜಿ ಕೊಡು. ವೇಳ್ಯಾಕ ಸರಿಯಾಗಿ, ಬರವಣಿಗೀಲೆ. ಕಪ್ಪು ಪಟ್ಟಿಗೆ ಅನುಮತಿ ಕೊಡಾಕ ಬರತೈತಿ."

"ಬರವಣಿಗೀಲೆ," ಎಂದು ತಲೆ ಆಡಿಸಿದ. ಅಂದೇ ನಾನು ಎಚ್ಚರವಾಗಬೇಕಿತ್ತು.

ಮುಂದಿನ ಸ್ಪರ್ಧೆಗೆ ನಾಲ್ಕು ದಿನ ಮೊದಲೇ ಅರ್ಜಿ ಬಂತು. ಜೀವಮಾನದಲ್ಲಿ ಆತ ವೇಳೆಗೆ ಮುಂಚೆ ಮಾಡಿದ ಕೆಲಸ ಅದೊಂದೇ. 'ನಮ್ಮ ತಂಡದ ಸಹಾಯಕ ತರಬೇತುದಾರರಾದ ಶ್ರೀ ರಾಜಾ, ಸಾ: ತಿಮ್ಮಾಪುರ, ತಾ: ಮುಧೋಳ, ಇವರು ದಿವಂಗತರಾದ ಪ್ರಯುಕ್ತ ಕಪ್ಪು ಪಟ್ಟಿ ಧರಿಸಲು ಅನುಮತಿ ನೀಡಬೇಕಾಗಿ ವಿನಂತಿ.' ಅಕ್ಷರ ದುಂಡಗಿದ್ದವು. ನನಗೆ ಎಷ್ಟು ಸಂತೋಷವಾಯಿತೆಂದರೆ ಒಂದು ನಿಮಿಷವೂ ಯೋಚಿಸದೆ ಸಹಿ ಮಾಡಿ ಠಸ್ಸೆ ಹೊಡೆದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಸ್ಪರ್ಧೆಯ ದಿನ ಅತಿಥಿಗಳನ್ನೂ ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷ ಮೌನ ಆಚರಿಸಿದೆ. ಎರಡು ಮಾತನ್ನೂ ಆಡಿದೆ: ಶ್ರೀಯುತರನ್ನು ನಾನು ನೋಡಿರಲಿಲ್ಲ, ಆದರೆ ದಿನವೂ ನಸುಕಿನಲ್ಲಿ ತಪ್ಪದೆ ಮಕ್ಕಳೊಂದಿಗೆ ತಾವೂ ಓಡುತ್ತಿದ್ದರೆಂದು ತಿಳಿದುಬಂದಿದೆ, ಇಂಥ ಶಿಸ್ತು ಅಪರೂಪ. ಹುಡುಗರು ತಲೆ ತಗ್ಗಿಸಿದ್ದರು. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆಂದು ತಿಳಿದು ಹತ್ತಿರದ ಹುಡುಗನ ಬೆನ್ನು ತಟ್ಟಿದೆ.

ಸ್ಪರ್ಧೆ ಮುಗಿದ ಮೇಲೆ, ಮನೆಯವರಿಗೆ ಸಂತಾಪ ಪತ್ರ ಕಳಿಸಬೇಕು, ವಿಳಾಸ ಕೊಡು ಎಂದೆ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದೂ ಕೇಳಿದೆ.

"ಆರ ಮರಿ ಅದಾವ್ರಿ," ಎಂದ.

ರಾಜಾ ಅವರ ಮುಧೋಳ ನಾಯಿ. ಮುಧೋಳ ರಸ್ತೆಯಲ್ಲಿ ಹುಡುಗರ ಸೈಕಲ್ಲಿನ ಜೊತೆ ಓಡುತ್ತಿತ್ತಂತೆ. ನಾಯಿಗಿಂತ ಹಿಂದೆ ಬಿದ್ದವನು ಇನ್ನೊಂದು ಸುತ್ತು ಹೊಡೆಯಬೇಕು. "ಸಹಾಯಕ ತರಬೇತುದಾರ ಅಂದದ್ದು ಸುಳ್ಳೇನ್ರಿ? ನನಗಿಂತ ಛಲೋ ಕಲಸ್ತಿದ್ದ," ಎಂದು ನನ್ನನ್ನೇ ಕೇಳಿದ. ಎರಡು ವರ್ಷ ಯಾವ ಮೈದಾನಕ್ಕೆ ಹೋದರೂ ಹಿಂದಿನಿಂದ ಯಾರಾದರೂ ಬೊಗಳುತ್ತಿದ್ದರು.

ಲಕೋಟೆಗಳ ವಿಷಯ ಆತನಿಗೆ ತಿಳಿದದ್ದು ಒಂದು ಪ್ರವೇಶಪತ್ರ ಕೊಡಲು ಮನೆಗೆ ಬಂದಾಗ. ಹತ್ತಕ್ಕೆ ಬರಬೇಕಾದವನು ಹತ್ತು ಇಪ್ಪತ್ತಕ್ಕೆ ಬಂದ. ನಾನು ಕಪಾಟು ತೆರೆದಿದ್ದೆ. ಲಕೋಟೆಗಳ ಕಟ್ಟು ಆತನ ಕಣ್ಣಿಗೆ ಬಿತ್ತು. ಕೇಳದೆ ತೆಗೆದುಕೊಂಡು ನೆಲದ ಮೇಲೆ ಕೂತು ಒಂದೊಂದೇ ಲಕೋಟೆಯ ಮೇಲಿನ ಬರಹ ಓದಿದ. ಮೊದಲ ಹನ್ನೊಂದರ ಹತ್ತಿರ ಬಹಳ ಹೊತ್ತು ಕೂತ. ಬಾಯಿಂದ ನೂಲಿನ ಎಳೆ ತೆಗೆದು ಜೇಬಿಗೆ ಹಾಕಿಕೊಂಡ.

"ಸರ, ನಾ ಕಟ್ಟಿದ್ದು ಸಂಜಿಕ ಹೊಲಸಾಗಿ ಹಾದ್ಯಾಗ ಬಿದ್ದ ಹೊಕ್ಕಿದ್ವು. ನೀವು ಇಟ್ಟೀರಲ್ರಿ," ಎಂದ.

ಇಷ್ಟಕ್ಕೇ ಆತ ಎದ್ದು ಹೋಗಿದ್ದರೆ ಒಳ್ಳೆಯವನೆಂದು ಬರೆಯುತ್ತಿದ್ದೆ. ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ಹುಡುಗರಿಗೆ ಮಾತ್ರ ಹೇಳಬ್ಯಾಡ್ರಿ ಸರ," ಎಂದ.

"ಯಾಕ?"

"ನೀವು ಕತ್ರಿ ಹಚ್ಚಿದ ದಿನಾ ಸಿಟ್ಟೀಲೆ ಭಾರಿ ತುಳೀತಾವ್ರಿ."

ಅಂದರೆ ಇಷ್ಟು ವರ್ಷ ನಾನು ನಿಯಮ ಪಾಲಿಸುತ್ತಿದ್ದೇನೆ ಎಂದುಕೊಂಡಿದ್ದರೆ, ಆತ ನನ್ನ ಕತ್ತರಿಯಿಂದ ತನ್ನ ಹುಡುಗರ ವೇಗ ಹೆಚ್ಚಿಸುತ್ತಿದ್ದ! ಮುಂದಿನ ಸ್ಪರ್ಧೆಯಿಂದ ಪ್ರತಿ ಪಟ್ಟಿಯ ಒಳಗೆ ಮಡಚಿದ ಚೀಟಿಯೂ ಬರತೊಡಗಿತು. ಯಾರ ನೆನಪು, ಏನಾಗಿದ್ದರು, ಯಾವ ವಾರ ತೀರಿಕೊಂಡರು, ಎಲ್ಲ ದುಂಡಗಿನ ಅಕ್ಷರದಲ್ಲಿ, ನಾನು ಲಕೋಟೆಗೆ ಬರೆದುಕೊಳ್ಳಲು ಅನುಕೂಲವಾಗಲೆಂದು. ಹುಡುಗನ ತೋಳನ್ನು ತಾನೇ ಮುಂದೆ ಹಿಡಿದು, "ಕತ್ರಿಸ್ರಿ ಸರ, ನಿಯಮ ಅಂದ್ರ ನಿಯಮ," ಎನ್ನುತ್ತಿದ್ದ. ನನ್ನನ್ನು ತನ್ನ ಉಗ್ರಾಣದ ಗುಮಾಸ್ತನನ್ನಾಗಿ ಮಾಡಿಕೊಂಡ. ಬೈದೆ. ಆಯೋಜಕರಿಗೆ ದೂರು ಬರೆದೆ. ಚೀಟಿಗಳನ್ನು ಮಾತ್ರ ಲಕೋಟೆಯಲ್ಲೇ ಇಟ್ಟೆ, ಬೇರೆಲ್ಲಿ ಇಡುವುದು?

ಬೆಳಗಾವಿಯ ದವಾಖಾನೆಯಲ್ಲಿ ಕೊನೆಯ ಸಲ ನೋಡಿದಾಗಲೂ ಆ ಸ್ಟಾಪ್‌ವಾಚು ಕೊರಳಲ್ಲಿತ್ತು. ಸಲೈನು ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ನರ್ಸಿಗೆ ಲೆಕ್ಕ ಹೇಳುತ್ತಿದ್ದ. ನನ್ನನ್ನು ಕಂಡು, "ಕಸ್ತೂರಿ ಹೆಸರು ಬರತೈತ್ರಿ ಸರ, ನೋಡಾಕತ್ತಿರ್ರಿ," ಎಂದ. ಬಂತು. ಆಯ್ಕೆಯ ಪಟ್ಟಿ ಹೊರಬಿದ್ದದ್ದು ಆತ ತೀರಿಕೊಂಡ ಮೂರನೆಯ ದಿನ.

ಮಂಗಳವಾರಕ್ಕೆ ಬರುತ್ತೇನೆ. ಗಂಟೆ ಒಂಬತ್ತೂ ಮುಕ್ಕಾಲಾಗಿತ್ತು. ಕಸ್ತೂರಿ ಚಹಾ ಕುಡಿದು ಬಸಿ ಪಕ್ಕಕ್ಕಿಟ್ಟು ಮತ್ತೆ ಅದೇ ಮಾತು ಹಿಡಿದಳು.

"ನಿಮಗ ಅದರ ಬೆಲಿ ಗೊತ್ತಿಲ್ರಿ ಸರ. ನಾ ಹದಿನೈದರಾಕಿ ಇದ್ದಾಗ ಸಾವಳಗಿ ರೇಸಿನ್ಯಾಗ ನಮ್ಮ ಅಪ್ಪನ ಪಟ್ಟಿ ಕತ್ತರಿಸಿ ಒಗದ್ರಿ. ಅಪ್ಪ ಹೋಗಿ ಒಂದ ತಿಂಗಳ ಆಗಿತ್ತು. ಅವತ್ತ ಎಲ್ಲಾರ್ಕಿಂತ ಮುಂದ ಬಂದೇನಿ, ಯಾಕಂದ್ರ ದಾರಿ ತುಂಬ ನಿಮ್ಮನ್ನ ಬೈಕೋತ ತುಳದೇನಿ."

"ಒಗದಿಲ್ಲ," ಎಂದೆ.

"ಏನ್ರಿ?"

ಹುಡುಗರಿಗೆ ಹೇಳಬೇಡ ಎಂದಿದ್ದ. ಆದರೆ ಹನ್ನೊಂದಕ್ಕೆ ಒಂದೂಕಾಲು ತಾಸು ಉಳಿದಿತ್ತು. ಆತನಿಗೆ ಕೊಟ್ಟ ಮಾತು ನಾನು ಮುರಿದದ್ದು ಇದೊಂದೇ. ಕಪಾಟು ತೆರೆದು ಕಟ್ಟು ಬಿಚ್ಚಿ, ಸಾವಳಗಿಯ ಲಕೋಟೆ ಹುಡುಕಿ ಅವಳ ಕೈಗೆ ಕೊಟ್ಟೆ.

ಮೇಲಿನ ಬರಹ ಓದಿದಳು. ತೆರೆದಳು. ಪಟ್ಟಿಯ ಕೆಂಪು ಸ್ವಲ್ಪವೂ ಮಾಸಿರಲಿಲ್ಲ. ಒಳಗಿನ ಚೀಟಿ ನೋಡಿ, "ಇದು ಕಾಕಾನ ಅಕ್ಷರ," ಎಂದಳು. "ಅಂದ್ರ ಕಾಕಾಗ ಗೊತ್ತಿತ್ತನ್ರಿ?"

"ಗೊತ್ತಿತ್ತು. ನಿನಗ ಹೇಳಬ್ಯಾಡ ಅಂದಿದ್ದ. ಸಿಟ್ಟ ಬಂದ್ರ ಛಲೋ ತುಳೀತಿ ಅಂತ."

"ಏಳ ವರ್ಷರೀ ಸರ! ಏಳ ವರ್ಷ ಒಂದೊಂದ ಏರಿಗೂ ನಿಮ್ಮ ಹೆಸರ ಹಿಡದ ಬೈದೇನಿ!"

"ಅದಕ್ಕ ಇವರಿಗೆ ಹಗಲೆಲ್ಲ ಬಿಕ್ಕ ಬರ್ತಿದ್ದು," ಎಂದಳು ನನ್ನ ಹೆಂಡತಿ. "ನಾ ನೀರು ಕುಡಿಸಿ ಕುಡಿಸಿ ಸಾಕಾಗಿದ್ದೆ."

ಕಸ್ತೂರಿ ನಗಲು ಶುರು ಮಾಡಿದಳು. ಆ ನಗು ನಡುವೆಯೇ ಅಳುವಾಯಿತು. ನಾನು ಗಡಿಯಾರ ನೋಡಿದೆ. ಅವಳು ಮುಖ ಒರೆಸಿಕೊಂಡು ಕಟ್ಟಿನಲ್ಲಿದ್ದ ಉಳಿದ ಲಕೋಟೆಗಳನ್ನೂ ತಿರುವಿ ನೋಡಿದಳು. ಸಾವಳಗಿ ರಸ್ತೆಯ ಹುಡುಗ, ಪಂಕ್ಚರ್ ಅಜ್ಜ, ಅಜ್ಜಿಯರು. ಕಪ್ಪು ಪಟ್ಟಿಯ ಲಕೋಟೆಯೂ ಇತ್ತು. ಅನುಮತಿ ಇದ್ದದ್ದರಿಂದ ಅದನ್ನು ನಾನು ಕತ್ತರಿಸಿರಲಿಲ್ಲ. 'ನಮ್ಮ ರಾಜಾಂದೂ ಇರಲ್ರಿ' ಎಂದು ಆತನೇ ತಂದುಕೊಟ್ಟದ್ದು.

ಹತ್ತು ಗಂಟೆ ಐದು ನಿಮಿಷಕ್ಕೆ ಕಸ್ತೂರಿ ಎಡಗೈ ಮುಂದೆ ಚಾಚಿದಳು.

"ಕತ್ರಿಸ್ರಿ ಸರ."

"ಮೊದಲ ಸಹಿ ಮಾಡು."

"ಮೊದಲ ಕತ್ರಿಸ್ರಿ. ಕೈ ಮ್ಯಾಗ ಇಟಗೊಂಡ ಇಲ್ಲ ಅಂತ ಹೆಂಗ ಸಹಿ ಮಾಡ್ಲಿ?"

ಮಾತು ಸರಿ ಇತ್ತು. ಕನ್ನಡಕ ಒರೆಸಿಕೊಂಡೆ. ನಾನು ಯಾವಾಗಲೂ ಗಂಟಿನ ಪಕ್ಕಕ್ಕೇ ಕತ್ತರಿ ಹಾಕುವುದು. ಬಟ್ಟೆ ಇಡಿಯಾಗಿ ಉಳಿಯುತ್ತದೆ. ಅಂದು ಎರಡು ಸಲ ಕತ್ತರಿ ಜಾರಿತು. ಮೂರನೆಯ ಸಲಕ್ಕೆ ಬಂತು. ಅವಳು ಸಹಿ ಮಾಡಿ, ಫೋಟೋ ತೆಗೆದು ಕಳಿಸಿದಳು. 'ಸ್ವೀಕರಿಸಲಾಗಿದೆ' ಎಂಬ ಉತ್ತರ ಹತ್ತೂಕಾಲಕ್ಕೆ ಬಂತು.

ತಂದೆಯ ಲಕೋಟೆಯನ್ನು ಅವಳು ಒಯ್ಯುತ್ತಾಳೆಂದುಕೊಂಡಿದ್ದೆ. ಮಡಚಿ ನನ್ನ ಕೈಗೇ ಕೊಟ್ಟಳು. "ಇಲ್ಲೇ ಇರಲ್ರಿ. ತಿರಗಿ ಬಂದ ಮ್ಯಾಲ ಅರ್ಜಿ ಬರೀತೇನಿ, ಎರಡಕ್ಕೂ."

"ಬರವಣಿಗೀಲೆ," ಎಂದೆ. "ವೇಳ್ಯಾಕ ಸರಿಯಾಗಿ."

"ಹೂಂ ರೀ. ಈಗ ಬೈಯಾಕ ಯಾರೂ ಉಳೀಲಿಲ್ಲ ನನಗ. ಹೆಂಗ ತುಳೀಲಿ?"

"ನನ್ನನ್ನ ಬೈ. ಬ್ಯಾಡ ಅಂದೋರ್ಯಾರು?"

ಕಾಲಿಗೆ ನಮಸ್ಕಾರ ಮಾಡಿ, ಹೆಂಡತಿ ಕೊಟ್ಟ ರೊಟ್ಟಿಯ ಗಂಟನ್ನು ಚೀಲಕ್ಕೆ ತುರುಕಿ ಹತ್ತೂವರೆಗೆ ಹೊರಟಳು. ಬಸ್ ನಿಲ್ದಾಣ ನಮ್ಮ ಮನೆಯಿಂದ ಎಂಟು ನಿಮಿಷದ ದಾರಿ. ಸಾಕು.

ಅಂದು ಕತ್ತರಿಸಿದ ಪಟ್ಟಿಯ ಲಕೋಟೆಯ ಕೆಲಸವನ್ನು ಹತ್ತು ಐವತ್ತರೊಳಗೆ ಮುಗಿಸಬೇಕೆಂದಿದ್ದೆ. ಕ್ರಮಸಂಖ್ಯೆ ಬರೆದೆ. ಸವಾರಳ ಹೆಸರು ಬರೆದೆ. ಈ ಪಟ್ಟಿಯೊಳಗೆ ಚೀಟಿ ಇರಲಿಲ್ಲ. ಬರೆದುಕೊಡುವವನು ಇಲ್ಲವಾದ್ದರಿಂದ ನಾನೇ ಬರೆಯಬೇಕಾಯಿತು. ಯಾರ ಸ್ಮರಣೆ ಎಂಬಲ್ಲಿ ಆತನ ಪೂರ್ತಿ ಹೆಸರು ಬರೆಯಲು ಪೆನ್ನು ಹಿಡಿದೆ. ಪೆನ್ನು ನಡೆಯಲಿಲ್ಲ. ಮಸಿ ಮುಗಿದಿದೆ ಎಂದು ಬೇರೆ ಪೆನ್ನು ಹುಡುಕಿದೆ. ಮೊದಲನೆಯದರಲ್ಲಿ ಮಸಿ ಇದೆಯೆಂದು ಹೆಂಡತಿ ಗೀಚಿ ತೋರಿಸಿದಳು. ಮತ್ತೆ ಕೂತು ಬರೆದೆ. ಹುದ್ದೆ ಎಂಬಲ್ಲಿ 'ತರಬೇತುದಾರ' ಎಂದು ಬರೆದೆ. ಈ ಸಲ ವಿಚಾರಣೆ ಮಾಡುವ ಅಗತ್ಯವಿರಲಿಲ್ಲ.

ಅಂಟು ಹಚ್ಚಿ, ಒಣಗಿದ ಮೇಲೆ ಕಟ್ಟಿಗೆ ಸೇರಿಸಿ, ಕಪಾಟಿಗೆ ಬೀಗ ಹಾಕಿ ಗಡಿಯಾರ ನೋಡಿದೆ. ಹನ್ನೊಂದು ಗಂಟೆ ಹತ್ತು ನಿಮಿಷ. ಅಲ್ಲಿಗೂ ಆತ ಇಪ್ಪತ್ತು ನಿಮಿಷ ತಡವಾಗಿಯೇ ಬಂದ.